ಸಾಬೂನು ನೀರಿನ ಡಬ್ಬಿಗಳು

ಖಾನಾಪುರ ತಾಲೂಕಿನಲ್ಲಿ ಆ ವರ್ಷ ಗೆಣಸಿನ ಸೊಂಡಿಲ ಹುಳಗಳ ಪೈಕಿ ಒಂದೇ ಒಂದು ಗಂಡೂ ಉಳಿದಿರಲಿಲ್ಲ. ಅಷ್ಟನ್ನೂ ರಾಮಲಿಂಗನೊಬ್ಬನೇ ಸಾಬೂನು ನೀರಿನಲ್ಲಿ ಮುಳುಗಿಸಿ ಕೊಂದಿದ್ದ. ಸತ್ತವುಗಳನ್ನು ಒಣಗಿಸಿ ಚೀಲಕ್ಕೆ ತುಂಬಿದರೆ ಲಾರಿಗೆ ಹಿಡಿಯದಷ್ಟಾಗಿದ್ದವು. ಉಳಿದ ಹೆಣ್ಣು ಹುಳಗಳು ಗಂಡಂದಿರ ದುಃಖ ತಾಳಲಾರದೆ ಸಾಲುಗಟ್ಟಿ ಚೋರ್ಲಾ ಘಾಟಿನ ದಾರಿ ಹಿಡಿದು ಗೋವಾಕ್ಕೆ ಗುಳೆ ಹೊರಟಿದ್ದನ್ನು ಬಸ್ಸಿನ ಡ್ರೈವರನೊಬ್ಬ ಕಣ್ಣಾರೆ ಕಂಡು, ಬ್ರೇಕ್ ಒತ್ತಿ, ಅವು ರಸ್ತೆ ದಾಟುವವರೆಗೂ ಹಾರ್ನ್ ಬಾರಿಸದೆ ಮರ್ಯಾದೆಯಿಂದ ಕಾದಿದ್ದ. ಬೆಳಗಾವಿಯಿಂದ ಹೊರಟ ಕೆಂಪು ಬಸ್ಸಿನ ಕಿಟಕಿ ಬದಿಗೆ ಕೂತು ರಾಮಲಿಂಗ ಇದನ್ನೆಲ್ಲ ಬಾಜು ಸೀಟಿನ ರುಮಾಲಿನ ಮುದುಕನಿಗೆ ಹೇಳಿ ಮುಗಿಸಿದ. ಮುದುಕ "ಹೋ ಕಾ?" ಎಂದು, ಹೌದಾ ಅನ್ನುವಂತೆ, ಮರಾಠಿಯಲ್ಲಿ ಒಂದೇ ಮಾತು ಅಂದು, ಅಂಗೈಯೊಳಗಿನ ತಂಬಾಕನ್ನು ತಿಕ್ಕತೊಡಗಿದ. ನಂಬಲಿಲ್ಲ ಎಂದೂ ಅಲ್ಲ, ನಂಬಿದ ಎಂದೂ ಅಲ್ಲ. ಮಳೆ ಬಂದೀತು ಎಂದು ಯಾರಾದರೂ ಅಂದಾಗ ಅನ್ನುವ ಹಾಗೆ ಅಂದಿದ್ದ.

ಹೇಳುವಾಗ ರಾಮಲಿಂಗನಿಗೆ ಏನೂ ಅನಿಸಿರಲಿಲ್ಲ. ಇತ್ತೀಚೆಗೆ ಹಾಗೆಯೇ ಆಗಿತ್ತು. ಮಾತು ಅವನಿಗಿಂತ ಮುಂದೆ ಹೋಗಿ ಯಾರದೋ ಕಟ್ಟೆಯ ಮೇಲೆ ಕೂತು, ಎಲೆ ಅಡಿಕೆ ಹಾಕಿಕೊಂಡು, ಕಾಲ ಮೇಲೆ ಕಾಲು ಹಾಕಿ ಅವನ ದಾರಿ ಕಾಯುತ್ತಿತ್ತು. ಅವನು ಹೋಗಿ ಮುಟ್ಟುವ ಹೊತ್ತಿಗೆ ಆಗಲೇ ಮುಂದಿನ ಊರಿಗೆ ಎದ್ದು ಹೊರಟಿರುತ್ತಿತ್ತು. ಹಿಂದಿನ ತಿಂಗಳು ದವಡೆ ಹಲ್ಲು ಕೀಳಿಸಿಕೊಂಡಾಗ ಸೂಜಿಯ ಮದ್ದಿಗೆ ಅರ್ಧ ಮುಖ ಜೋಮು ಹಿಡಿದಿತ್ತು. ಮನೆಗೆ ಬಂದು ಕನ್ನಡಿಯ ಮುಂದೆ ನಿಂತು ತನ್ನ ಗಲ್ಲವನ್ನು ತಾನೇ ಚಿವುಟಿಕೊಂಡರೆ ಯಾರದೋ ಗಲ್ಲ ಚಿವುಟಿದ ಹಾಗಿತ್ತು, ನಕ್ಕಿದ್ದ, ನಕ್ಕಾಗ ಒಂದೇ ಬದಿ ನಕ್ಕಿತ್ತು. ಹಲ್ಲಿನ ಜೋಮು ಸಂಜೆಗೆ ಬಿಟ್ಟಿತು. ಒಳಗಿನದು ಬಿಟ್ಟಿರಲಿಲ್ಲ. ಕಿಟಕಿಯಾಚೆ ಮಿರಗದ ಮುಂಗಾರು ಮಳೆ ಎಂಥದು ಬಿದ್ದಿತ್ತೆಂದರೆ ಗದ್ದೆಗಳು ಗದ್ದೆಗಳಾಗಿ ಉಳಿದಿರಲಿಲ್ಲ, ಆಕಾಶವನ್ನೇ ಚೌಕ ಚೌಕ ಕತ್ತರಿಸಿ ನೆಲಕ್ಕೆ ಹಾಸಿದ್ದರು. ಅದನ್ನೂ ನೋಡಿದ. ನೋಡಿದ್ದು ಎಲ್ಲಿಗೂ ಹೋಗಿ ಮುಟ್ಟಲಿಲ್ಲ.

ಅಂಗಿಯ ಎಡಗಿಸೆಯಲ್ಲಿ ಬೆಳ್ಳಿಹಾಳೆಯ ಸಣ್ಣ ಪಾಕೀಟಿತ್ತು. ಬೆಳಿಗ್ಗೆ ರಾಮತೀರ್ಥ ನಗರದ ಬಾಡಿಗೆ ಮನೆಯಲ್ಲಿ ಪ್ರಮಿಳಾ ಅಂಗಿಗೆ ಇಸ್ತ್ರಿ ಮಾಡಿ ಕೊಡುವಾಗ ಅದನ್ನು ಕಂಡು "ಇದೇನ್ರಿ, ಗುಳಗಿ ಏನು?" ಎಂದಿದ್ದಳು. ಗುಳಿಗೆಯೇ ಅಂದಿದ್ದ. ಹೆಂಡತಿ ಬೇರೇನೂ ಕೇಳದೆ ಚೀಲದಲ್ಲಿ ತೆಂಗಿನಕಾಯಿ, ಕುಪ್ಪಸದ ಖಣ, ಅಕ್ಕಿ, ಅರಿಷಿಣದ ಕೊಂಬು ಜೋಡಿಸಿಟ್ಟಿದ್ದಳು. "ರೂಪಾಲಿಗೆ ನಾನೂ ಬರತಿದ್ದೆ ಅಂತ ಹೇಳ್ರಿ. ಮತ್ತ ಅಲ್ಲಿ ಹೋಗಿ ಮಾತಾಡಿಕೋತ ಕುಂತು ಬಸ್ ತಪ್ಪಿಸೀರಿ. ಉಡಿಗೆ ಬಳ್ಳಿ ಹಾಕೂದು ನಿಮ್ಮ ಕೈಯಿಂದನ ಆಗಬೇಕು." ರೂಪಾಲಿ ಅವನ ಅಕ್ಕನ ಮಗಳು. ಉಡಿಗೆ ಬಳ್ಳಿ ಹಾಕುವುದು ಅಕ್ಕನ ಓಣಿಯ ರೂಢಿ. ಗೆಣಸಿನ ಬಳ್ಳಿಯನ್ನು ಅವರು ಎಂದೂ ಮಾರುವುದಿಲ್ಲ. ಮಗಳನ್ನು ಕೊಟ್ಟ ಮೊದಲ ಮಳೆಗಾಲಕ್ಕೆ ತವರಿನ ಮಡಿಯಿಂದ ಬಳ್ಳಿ ಕೊಯ್ದು, ಸೋದರಮಾವನ ಕೈಯಿಂದ ಅವಳ ಉಡಿಗೆ ಹಾಕಿಸಿ ಗಂಡನ ಮನೆಗೆ ಕಳಿಸುತ್ತಾರೆ. ಉಡಿಯಲ್ಲಿ ಬಿದ್ದ ಬಳ್ಳಿಯನ್ನು ಹಿಂದಕ್ಕೆ ಕೊಡುವಂತಿಲ್ಲ, ಎಸೆಯುವಂತಿಲ್ಲ, ಇದು ಹೇಗಿದೆ ಎಂದು ಬಿಚ್ಚಿ ನೋಡುವಂತಿಲ್ಲ. ಹೋಗಿ ಮಣ್ಣಿಗೆ ಊರಬೇಕು, ಅಷ್ಟೇ. ಅಕ್ಕ ಸಿದ್ದಕ್ಕನ ಬಳ್ಳಿ ಅವಳ ಅವ್ವನ ಬಳ್ಳಿ, ಆ ಅವ್ವನಿಗೆ ಅವಳ ಅವ್ವನದು. ನಂದಗಡದ ಆಸುಪಾಸಿನಲ್ಲಿ ಆ ಕೆಂಪು ಗೆಣಸನ್ನು ಕುದಿಸಿದರೆ ಮೂರು ಓಣಿಯ ಮಕ್ಕಳು ಗೋಡೆ ಹಾರಿ ಬರುತ್ತವೆ ಎಂದು ರಾಮಲಿಂಗ ಹೋದಲ್ಲೆಲ್ಲ ಹೇಳುತ್ತಿದ್ದ. ಇದೊಂದು ಮಾತಿನಲ್ಲಿ ಸುಳ್ಳು ಕಡಿಮೆ ಇತ್ತು.

ಆ ಬಳ್ಳಿಗೆ ಹುಳ ಬಿದ್ದಿತ್ತು. ಹಿಂದಿನ ದೀಪಾವಳಿಯ ಆಚೀಚೆ ಸಿದ್ದಕ್ಕ ಗೆಣಸು ಅಗೆಸಿದಾಗ ಮೇಲಿಂದ ಚೆಲುವಾಗಿದ್ದ ಗಡ್ಡೆಗಳು ಮುರಿದರೆ ಒಳಗೆಲ್ಲ ಕಪ್ಪು ಸುರಂಗ, ಬೇಯಿಸಿದರೆ ಕಹಿ. ಎಮ್ಮೆ ಮೂಸಿ ಮುಖ ತಿರುಗಿಸಿತು. ಆ ಹುಳ ಅಲ್ಲಿಯದಲ್ಲ. ಯಾರೋ ಎಲ್ಲಿಂದಲೋ ತಂದ ಬಳ್ಳಿಯ ಜೊತೆ ಬಂದು ಒಂದೊಂದೇ ಊರು ಹಿಡಿಯುತ್ತ ಬಂದದ್ದು. ನೋಡಿದರೆ ಇರುವೆ ಅನ್ನಬೇಕು. ತಲೆ ರೆಕ್ಕೆ ನೀಲಿಗಪ್ಪು, ನಡು ಮತ್ತು ಕಾಲು ಕೆಂಪು, ಮುಂದೆ ಆನೆಯ ಸೊಂಡಿಲಿನ ಹಾಗೆ ಬಾಗಿದ ಮೂತಿ. ಬಳ್ಳಿಯ ಬುಡದಲ್ಲಿ ತೂತು ಕೊರೆದು ಮೊಟ್ಟೆಯಿಟ್ಟು ಮುಚ್ಚಿಬಿಟ್ಟರೆ ಹೊರಗಿನಿಂದ ಯಾವ ಕಣ್ಣಿಗೂ ಕಾಣದು. ಬಳ್ಳಿ ಹೋದ ಊರಿಗೆಲ್ಲ ಅದೂ ಹೋಗುತ್ತದೆ. ಅವತ್ತು ಅಂಗಳದಲ್ಲಿ ಕಹಿ ಗೆಣಸಿನ ರಾಶಿಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ ಸಿದ್ದಕ್ಕ ಅಳಲಿಲ್ಲ. ಒಂದೊಂದನ್ನೇ ಮುರಿದು, ಮೂಸಿ, ಬದಿಗಿಡುತ್ತಿದ್ದಳು, ಒಳ್ಳೆಯದೊಂದು ಸಿಕ್ಕೇ ಸಿಗುತ್ತದೆ ಎನ್ನುವ ಹಾಗೆ. ಓಣಿಯ ಹೆಂಗಸರು ನಿಂತು ನೋಡುತ್ತಿದ್ದರು. ರಾಮಲಿಂಗ ಅಲ್ಲಿಯೇ, ಎಲ್ಲರ ಮುಂದೆ, ಬಾಯಿ ತೆರೆದಿದ್ದ. "ಅಕ್ಕಾ, ಇದಕ್ಕೇನ ಇಷ್ಟ ಬ್ಯಾಸರಕಿ? ನಾ ಅದೀನಲ್ಲ. ಮೋಹಕ ಬಲೆ ಅಂತ ಬಂದಾವ. ಒಂದು ರಬ್ಬರಿನ ಬೂಚು ಇರತೈತಿ, ಅದರಾಗ ಹೆಣ್ಣ ಹುಳದ ವಾಸನಿ. ಡಬ್ಬಿ ಬಾಯಾಗ ಅದನ್ನ ತೂಗಹಾಕಿ ಕೆಳಗ ಸಾಬೂನು ನೀರು ಇಟ್ಟರ ಆತು, ಹೊಲದಾಗಿನ ಗಂಡ ಹುಳ ಅಷ್ಟೂ ಓಡಿ ಬಂದು ಬೀಳತಾವ. ಗಂಡ ಇಲ್ಲಂದ್ರ ಹೆಣ್ಣು ಮೊಟ್ಟಿ ಎಲ್ಲಿಂದ ಇಡತೈತಿ?" ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ನೆರೆಮನೆಯ ಗೌರವ್ವ "ಗಂಡಸರ ಬುದ್ಧಿ ಹುಳದಾಗೂ ಇಷ್ಟ ಏನೋ ಯಪ್ಪಾ" ಅಂದಳು. ಸಿದ್ದಕ್ಕ ತಲೆಯೆತ್ತಿ ತಮ್ಮನನ್ನು ನೋಡಿದ್ದಳು. ಆ ನೋಟಕ್ಕೆ ಅವನು ತಾಲೂಕನ್ನೇ ಬರೆದುಕೊಟ್ಟಿದ್ದ.

ಬಲೆ ಬಂದದ್ದು ಖರೇ. ಬೂಚು ಬಂದದ್ದೂ ಖರೇ. ಅವನು ಕೆಲಸ ಮಾಡುತ್ತಿದ್ದ ಕೃಷಿ ಔಷಧದ ಅಂಗಡಿಗೆ ಎಲ್ಲಿಂದಲೋ ಬೂಚುಗಳ ಒಂದು ಸಣ್ಣ ಡಬ್ಬ ಬಂದಿತ್ತು, ರೈತರಿಗೆ ಹಂಚಿ ನೋಡಿರಿ ಎಂದು. ಅಂಗಡಿಯ ಮಾಲೀಕ ತ್ರ್ಯಂಬಕರಾಯರು ಅದರ ಕಡೆ ನೋಡಿರಲೂ ಇಲ್ಲ. ಅದನ್ನು ಎತ್ತಿಕೊಂಡು ಸದಾಶಿವನಗರದ ಅವರ ಮನೆಗೆ ಹೋದವನು ರಾಮಲಿಂಗನೇ, ಯಾರೂ ಹೇಳಿರಲಿಲ್ಲ. ರಾಯರದೂ ಒಂದು ತೋಟವಿದೆಯಲ್ಲ, ಮೊದಲು ದೊಡ್ಡವರ ತೋಟದಲ್ಲಿ ಕಟ್ಟಿದರೆ ಹೆಸರು ಬರುತ್ತದೆ, ರಾಯರು ಒಂದು ಒಳ್ಳೆಯ ಮಾತು ಆಡಿಯಾರು, ಹೀಗೇನೋ ತಲೆಯಲ್ಲಿತ್ತು. ಈಗ ನೆನೆದರೆ ಏನಿತ್ತೆಂದು ಅವನಿಗೇ ತಿಳಿಯದು. ರಾಯರ ಹೆಂಡತಿ ಸುಲಭಾಬಾಯಿ ಬಾಗಿಲಲ್ಲೇ "ಚಪ್ಪಲಿ ಅಲ್ಲೇ ಬಿಡ್ರಿ, ಧೂಳ ಕಾಲು" ಅಂದಳು. ರಾಯರು ಬನಿಯನ್ನಿನಲ್ಲಿ ಕೂತು ಪೇಪರು ಓದುತ್ತಿದ್ದರು. ಬೂಚಿನ ಮಹಿಮೆಯನ್ನು ರಾಮಲಿಂಗ ನಿಂತೇ ಹೇಳಿದ, ಒಂದು ಬೂಚಿಗೆ ಏಳು ಹಳ್ಳಿಯ ಹುಳ ಅಂದ. ರಾಯರು ಪೇಪರಿನ ಹಿಂದಿನಿಂದ "ಇಡ್ರಿ ಅಲ್ಲಿ" ಎಂದರು. ಇಟ್ಟು ಬಂದ. ಆಮೇಲೆ ಅವರ ಮನೆಯ ಸತ್ಯನಾರಾಯಣ ಪೂಜೆಗೆ ಹೋಗಿ, ಪ್ರಸಾದಕ್ಕೆ ಬಾಗಿ ಕೈಯೊಡ್ಡಿದಾಗ, ಫ್ರಿಜ್ಜಿನ ಕಾಲುಗಳ ಕೆಳಗೆ, ಟೀವಿಯ ಮೇಜಿನ ಕಾಲುಗಳ ಕೆಳಗೆ, ಬೂಚುಗಳು ಒಂದೊಂದಾಗಿ ಕಂಡವು. ಫರಸಿ ನೆಲದ ಮೇಲೆ ಜಾರಬಾರದೆಂದು ಇಟ್ಟಿದ್ದರು. ಎತ್ತರ ಸರಿಯಾಗಿ ಕೂತಿತ್ತು. ಬಾಯಲ್ಲಿ ಸಜ್ಜಿಗೆ ಇಟ್ಟುಕೊಂಡು ಅವುಗಳನ್ನೇ ನೋಡುತ್ತ ನಿಂತವನಿಗೆ ಸಿಟ್ಟು ಬರಲಿಲ್ಲ. ಸಿಟ್ಟು ಬರಬೇಕಾದ ಜಾಗದಲ್ಲಿ ಸಜ್ಜಿಗೆಯ ತುಪ್ಪದ ರುಚಿ ಇತ್ತು. ಸುಲಭಾಬಾಯಿ ಕೇಳಿದಳು, "ಇನ್ನೂ ಸ್ವಲ್ಪ ಹಾಕಲಾ?" ಹೂಂ ಅಂದ.

ಬಸ್ಸು ಖಾನಾಪುರದ ನಿಲ್ದಾಣದಲ್ಲಿ ನಿಂತಿತು. ಮುದುಕ ಇಳಿದು ಹೋದ. ಹೋಗುವಾಗ ತಿರುಗಿ ನೋಡಿ "ಘಾಟಿನ ಹುಳಕ್ಕೆ ನಮಸ್ಕಾರ ಹೇಳ್ರಿ" ಎಂದು ನಕ್ಕ. ನಂದಗಡದ ಬಸ್ಸಿನಲ್ಲಿ ಸಂತೆಗೆ ಹೊರಟವರ ಬುಟ್ಟಿಗಳ ನಡುವೆ ಕಾಲು ಮಡಚಿಟ್ಟುಕೊಂಡು ಕೂತಾಗ ಅವನಿಗೆ ಡಬ್ಬಿಗಳು ನೆನಪಾದವು. ಸಿದ್ದಕ್ಕನಿಗೆ ಮಾತು ಕೊಟ್ಟಾಗಿತ್ತು, ಬರಿಗೈಯಲ್ಲಿ ಹೋಗುವಂತಿರಲಿಲ್ಲ. ಅಂಗಡಿಯಿಂದ ಬಲೆಯ ಡಬ್ಬಿಗಳನ್ನಷ್ಟೇ ಒಯ್ದಿದ್ದ, ಹೊಳೆಯುವ ಹಳದಿ ಡಬ್ಬಿ, ಬಾಯಿಗೆ ಆಲಿಕೆ, ನೋಡಲು ಎಷ್ಟು ಚೆಂದ. ಚಳಿಗಾಲದಲ್ಲಿ ಬಾವಿಯ ಬದಿಗೆ ಅವಳು ಉಳಿಸಿದ ಬಳ್ಳಿಗಳ ಮಡಿಯ ಸುತ್ತ ಗೂಟ ನೆಟ್ಟು, ತಂತಿ ಬಿಗಿದು, ಒಂದೊಂದನ್ನೇ ಕಟ್ಟಿದ್ದ. ಬೂಚಿಲ್ಲದೆ. ಬೂಚು ಆಮೇಲೆ ತಂದರಾಯಿತು, ಮುಂದಿನ ವಾರ, ಹುಣ್ಣಿಮೆಗೆ. ಡಬ್ಬಿಯೊಳಗೆ ನೀರು ಬದಲಿಸುವುದನ್ನು ಸಿದ್ದಕ್ಕ ದೇವರ ದೀಪದ ಎಣ್ಣೆ ನೋಡಿಕೊಳ್ಳುವ ಹಾಗೆ ನೋಡಿಕೊಂಡಳು. ಬಟ್ಟೆಯ ಸಾಬೂನಿನ ನಾತಕ್ಕೆ ಹುಳ ಬೆದರಿ ಓಡಿಹೋದಾವೆಂದು ರೂಪಾಲಿಯ ಮದುವೆಯಲ್ಲಿ ಉಳಿದಿದ್ದ ಗಂಧದ ಸಾಬೂನನ್ನು ಚೂರು ಚೂರು ಕೊರೆದು ಹಾಕಿದಳು. ಬೆಳಿಗ್ಗೆ ಹೋಗಿ ಬಗ್ಗಿ ನೋಡುವಳು. ನೊಣ, ಗಾಳಿಗೆ ಬಿದ್ದ ಎಲೆ, ಒಮ್ಮೆ ಒಂದು ದುಂಬಿ. ಸೊಂಡಿಲ ಹುಳ ಒಂದೂ ಇಲ್ಲ. ಯುಗಾದಿಗೆ ಅವನು ಹೋದಾಗ ಕೇಳಿದ್ದಳು. "ರಾಮ್ಯಾ, ಒಂದೂ ಬೀಳವಲ್ವಲ್ಲೋ? ಹಿಂಗ್ಯಾಕ?" ಬೇವು ಬೆಲ್ಲ ಬಾಯಲ್ಲಿತ್ತು. ಅವನು ಯೋಚಿಸಲೂ ಇಲ್ಲ. "ಸತ್ತ ಮ್ಯಾಲೆ ಎಲ್ಲಿಂದ ಬೀಳತಾವಕ್ಕಾ?"

ಅಷ್ಟೇ. ಆ ಒಂದು ಮಾತು. ಸಿದ್ದಕ್ಕನ ಮುಖ ಅಗಲವಾಗಿ ಅರಳಿ, ಅವಳು ಒಳಗೆ ಹೋಗಿ ಇನ್ನೊಂದು ಹೋಳಿಗೆ ತಂದು ಅವನ ತಾಟಿಗೆ ಹಾಕಿ, ಅದರ ಮೇಲೆ ತುಪ್ಪ ಸುರಿದಿದ್ದಳು. ಅವತ್ತಿನಿಂದ ಮಡಿ ಶುದ್ಧವೆಂದು ಓಣಿಯಲ್ಲೆಲ್ಲ ಹೇಳಿಕೊಂಡು ಬಂದಳು. ಇವತ್ತು ಅದೇ ಮಡಿಯ ಬಳ್ಳಿ ರೂಪಾಲಿಯ ಉಡಿಯಲ್ಲಿ ಕೂತು ಮಲಪ್ರಭೆಯ ಆಚೆಯ ಹೊಲಕ್ಕೆ ಹೋಗುವುದಿತ್ತು. ಆ ಹೊಲದಲ್ಲಿ, ಆ ಊರಲ್ಲೇ, ಈವರೆಗೆ ಗೆಣಸು ಬೆಳೆದವರಿಲ್ಲ. ಹುಳವೂ ಇಲ್ಲ.

ನಿನ್ನೆ ಅಂಗಡಿಯ ಗಲ್ಲಾದ ಸಂದಿಯಲ್ಲಿ, ಬಿಚ್ಚದ ಪಾಕೀಟಿನಲ್ಲಿ, ಬೂಚೊಂದು ಉಳಿದಿದ್ದು ಸಿಕ್ಕಿತ್ತು. ಅದನ್ನು ಯಾಕೆ ಕಿಸೆಗೆ ಹಾಕಿಕೊಂಡ? ಹೋಗಿ ಗುಟ್ಟಾಗಿ ಒಂದು ಡಬ್ಬಿಗಾದರೂ ಕಟ್ಟಿಬಿಡಬೇಕು. ಆಗ ತಾನು ಹೇಳಿದ್ದು ಪೂರ್ತಿ ಸುಳ್ಳಾಗುವುದಿಲ್ಲ, ಅರ್ಧ ಸುಳ್ಳಾಗುತ್ತದೆ. ಕೊಯ್ದ ಬಳ್ಳಿಯೊಳಗಿನ ಮೊಟ್ಟೆಗೆ ಈ ಬೂಚಿನಿಂದ ಏನೂ ಆಗದೆಂದು ಅವನಿಗೆ ಗೊತ್ತಿತ್ತು. ಗೊತ್ತಿದ್ದದ್ದು ಬಸ್ಸಿನ ಮೇಲೆ ಕಟ್ಟಿದ ಗಂಟಿನಂತೆ ಅವನ ಜೊತೆಯಲ್ಲೇ ಬರುತ್ತಿತ್ತು, ಆದರೆ ಕೆಳಗೆ ಕೂತವನಿಗೆ ಭಾರ ತಾಗುತ್ತಿರಲಿಲ್ಲ.

ಮನೆಗೆ ಹೋಗದೆ ನೇರ ಬಾವಿಯ ಕಡೆ ನಡೆದ. ಮಳೆ ನಿಂತು ಮೋಡ ಹಾಗೇ ಕೂತಿತ್ತು. ಮಡಿಯಲ್ಲಿ ಬಳ್ಳಿ ಕೊಯ್ದು ಮುಗಿದಿತ್ತು. ಹಸಿ ಮೋಟುಗಳಿಂದ ಹಾಲು ಒಸರುತ್ತಿತ್ತು. ಹಳದಿ ಡಬ್ಬಿಗಳು ಗಾಳಿಗೆ ಮೆಲ್ಲಗೆ ತೂಗುತ್ತಿದ್ದವು. ಹತ್ತಿರದ ಡಬ್ಬಿಯ ಮುಚ್ಚಳ ಎತ್ತಿದ. ತಿಳಿಯಾದ ನೀರು, ಗಂಧದ ವಾಸನೆ, ಮದುವೆ ಮನೆಯ ವಾಸನೆ. ಪಾಕೀಟನ್ನು ಹಲ್ಲಿನಿಂದ ಹರಿದು ಬೂಚನ್ನು ಹೊರತೆಗೆದ. ಬೆರಳಿನ ತುದಿಯಷ್ಟಿನ ಬೂದಿ ಬಣ್ಣದ ರಬ್ಬರು. ಮೂಸಿದ: ಏನೂ ಇಲ್ಲ. ಸೈಕಲ್ಲಿನ ಟ್ಯೂಬಿನಷ್ಟು ಕೂಡ ಇಲ್ಲ. ಇದಕ್ಕೆ ಹುಳ ಬಂದದ್ದನ್ನು ಅವನು ಒಮ್ಮೆಯೂ ನೋಡಿರಲಿಲ್ಲ. ಏಳು ಹಳ್ಳಿಯ ಕಥೆ ಹೇಳುವಾಗಲೂ, ಘಾಟಿನ ಕಥೆ ಹೇಳುವಾಗಲೂ, ಇದು ನಿಜವಾಗಿ ಕೆಲಸ ಮಾಡುತ್ತದೆ ಎಂದು ಅವನಿಗೆ ಎಂದೂ ಅನ್ನಿಸಿರಲಿಲ್ಲ. ತಂತಿ ಸುತ್ತಲು ಹೋದಾಗ ಹಿಂದಿನಿಂದ ದನಿ ಬಂತು.

"ಯಾರಾಂವ? ನಮ್ಮ ರಾಮಲಿಂಗೇನ?" ಗೌರವ್ವ ಹುಲ್ಲಿನ ಹೊರೆ ಹೊತ್ತು ಬದುವಿನ ಮೇಲೆ ನಿಂತಿದ್ದಳು. ಬೂಚು ಕಿಸೆಗಿಳಿಯಿತು. ಕೈ ತಾನಾಗಿಯೇ ಮಾಡಿತು.

"ಹೌದಬೇ ಗೌರವ್ವಾ. ಡಬ್ಬಿ ನೋಡಾಕತ್ತಿದ್ನಿ."

"ನೋಡು ನೋಡು. ನಿನ್ನ ಡಬ್ಬಿ ಸಲುವಾಗಿ ನಿಮ್ಮಕ್ಕ ಗಂಧದ ಸಾಬಾನ ಖಾಲಿ ಮಾಡ್ಯಾಳ. ತಾನು ಮಾತ್ರ ಸೀಗಿಕಾಯಿ ಹಚ್ಚಿ ಎರಕೋತಾಳ." ಅವಳು ನಕ್ಕಳು, ಹಲ್ಲಿಲ್ಲದ ಬಾಯಿ ಹೊರೆಯ ಕೆಳಗೆ ಕತ್ತಲಾಗಿ ಕಂಡಿತು. "ನಾನೂ ನಿಮ್ಮಕ್ಕನ ಕಡಿಂದನ ಬಳ್ಳಿ ಒಯ್ಯಾಕಿ ಅದೀನಿ ನಾಳೆ. ನಮ್ಮದು ಅಷ್ಟೂ ಹುಳ ತಿಂದು ಹೋತು. ಬಾ, ಮನೀಗೆ ಹೋಗೂಣು."

ಅವಳ ಹಿಂದೆ ನಡೆದ. ಅಂಗಿಯ ತೋಳಿನ ಮೇಲೆ ಇರುವೆಯೊಂದು ಹರಿಯುತ್ತಿತ್ತು. ಉಗುರಿನಿಂದ ಚಿಮ್ಮಿದ.

ಮನೆಯಲ್ಲಿ ರೂಪಾಲಿ ಹಸಿರು ಸೀರೆಯುಟ್ಟು ಪಡಸಾಲೆಯ ಕಂಬಕ್ಕೆ ಒರಗಿ ಕೂತಿದ್ದಳು. ತೆಳ್ಳಗಾಗಿದ್ದಳು. "ಮಾಮಾ ಬಂದ್ರು" ಎಂದು ಎದ್ದು ನೀರು ಕೊಟ್ಟು ಕಾಲಿಗೆ ಬಿದ್ದಳು. ಅವಳ ತಲೆಯ ಮೇಲೆ ಕೈಯಿಟ್ಟಾಗ ಎಣ್ಣೆಯ ತಂಪು ಅಂಗೈಗೆ ತಾಗಿ, ಅದೊಂದು ಮಾತ್ರ ಎಲ್ಲಿಗೋ ಹೋಗಿ ಮುಟ್ಟಿದಂತಾಯಿತು, ಕ್ಷಣ. ಸಿದ್ದಕ್ಕ ಒಲೆಯ ಮುಂದಿನಿಂದಲೇ ಕೂಗಿದಳು. "ಬಂದ್ಯಾ? ಕೈಕಾಲ ತೊಳಿ, ಉಣ್ಣಾಕ ಕುಂದರು. ಹಲ್ಲ ತಗಿಸಿದ್ಯಂತ? ಮೆತ್ತಂದು ಕಿಚಡಿ ಮಾಡೇನಿ." ಹಲ್ಲಿನ ಸುದ್ದಿ ಇವಳಿಗೆ ಹೇಗೆ ತಿಳಿಯಿತೋ. ಉಣ್ಣುವಾಗ ಹೇಳಿಬಿಡಬೇಕು ಎಂದುಕೊಂಡ. ಕಿಚಡಿಯ ಮೊದಲ ತುತ್ತಿಗೆ, ಮಜ್ಜಿಗೆಗೆ ಮುಂಚೆ, ಮಜ್ಜಿಗೆಯ ನಂತರ. ಅಕ್ಕಾ, ಆ ಬಳ್ಳಿ ಬ್ಯಾಡ. ನಾಕು ಶಬ್ದ. ಯಾವ ಮಾತೂ ಅವನಿಗಿಷ್ಟು ತಡವಾಗಿ ಬಂದದ್ದಿಲ್ಲ. ಹೋದಲ್ಲೆಲ್ಲ ಕಟ್ಟೆಯೇರಿ ಕೂತಿರುತ್ತಿದ್ದ ಮಾತು ಇವತ್ತು ಬಾಗಿಲ ಹೊರಗೆ ಚಪ್ಪಲಿಯ ಹತ್ತಿರ ನಿಂತಿತ್ತು.

"ನಮ್ಮತ್ತಿ ಕೇಳತಾಳ ಮಾಮಾ," ಎಂದಳು ರೂಪಾಲಿ. ದನಿ ಸಣ್ಣದು, ಆದರೆ ಅದರಲ್ಲಿ ಮುಳ್ಳಿತ್ತು. "'ನಿಮ್ಮವ್ವನ ಬಳ್ಳಿ, ನಿಮ್ಮವ್ವನ ಬಳ್ಳಿ ಅಂತ ಮದುವಿ ಆದಾಗಿಂದ ಕೇಳೇನಿ, ಹೂವ ಬಿಡತೈತ್ಯೋ ಬಂಗಾರ ಬಿಡತೈತ್ಯೋ ನೋಡೇ ಬಿಡೂಣು' ಅಂತಾಳ. ಬಾವಿ ಕೆಳಗಿನ ಹೊಸಾ ಪಟ್ಟಿ ನನಗಂತನ ಬಿಟ್ಟಾರ. ಏರಿ ಕಟ್ಟಿ ಇಟ್ಟಾರ. ನಾಳೆ ನಾನ ಊರಬೇಕು. ಚಲೋ ಬಂತಂದ್ರ ಬಾಯಿ ಮುಚ್ಚತೈತಿ."

"ಬಾರದ ಏನಾಗತೈತಿ?" ಎಂದಿತು ರಾಮಲಿಂಗನ ಬಾಯಿ. "ನಿಮ್ಮತ್ತಿ ಬಾಯಿ ಮುಚ್ಚೂದೇನ, ಗೆಣಸ ತಿಂದು ತೆರೀಲಾರದಂಗ ಆಗತೈತಿ. ಗಡ್ಡಿ ಒಂದೊಂದು ತೊಟ್ಟಿಲ ಕೂಸಿನಷ್ಟು ಬರತಾವ, ಎತ್ತಿಕೊಳ್ಳಾಕ ಆಳು ಹಚ್ಚಬೇಕು."

ರೂಪಾಲಿ ಫಕ್ಕನೆ ನಕ್ಕಳು. ಸಿದ್ದಕ್ಕ ಸೌಟು ಹಿಡಿದು ನಿಂತಲ್ಲೇ ನಕ್ಕಳು. "ಇವನ ಬಾಯಿ ಒಂದು ನಮ್ಮವ್ವನ ಹೊಟ್ಟ್ಯಾಗ ಮೊದಲ ಹುಟ್ಟಿತ್ತು, ಆಮ್ಯಾಲೆ ಇಂವ ಹುಟ್ಟಿದ." ಹಾಗೆ ಅನ್ನುತ್ತ ಅವಳು ತಮ್ಮನನ್ನು ನೋಡಿದ್ದು, ಕಹಿ ಗೆಣಸಿನ ರಾಶಿಯ ಮುಂದೆ ಕೂತು ನೋಡಿದ್ದಳಲ್ಲ, ಅದೇ ನೋಟ. ನಂಬುವವರ ನೋಟ ಎಷ್ಟು ಮೆತ್ತಗಿರುತ್ತದೆಂದರೆ ಅದರಿಂದ ತಪ್ಪಿಸಿಕೊಳ್ಳಲು ಗೋಡೆ ಕೂಡ ಸಿಗುವುದಿಲ್ಲ. ಅವನು ಮಜ್ಜಿಗೆ ಕುಡಿದ. ಎಲ್ಲವೂ ಗಂಟಲಲ್ಲಿ ಸರಿಯಾಗಿ ಇಳಿಯಿತು.

ಹೊತ್ತು ಇಳಿಯುತ್ತ ಬಂತು. ಸಂಜೆಯ ಬಸ್ಸಿಗೆ ರೂಪಾಲಿ ಹೊರಡಬೇಕು. ಅಂಗಳದಲ್ಲಿ ಒದ್ದೆ ಗೋಣಿತಾಟಿನಲ್ಲಿ ಸುತ್ತಿಟ್ಟ ಬಳ್ಳಿಯ ಸಿವುಡುಗಳನ್ನು ತಂದು ಸಾಲಾಗಿ ಇಟ್ಟರು. ಮೊದಲ ಸಿವುಡಿಗೆ ಅರಿಷಿಣ ಕುಂಕುಮ ಹಚ್ಚಿದರು. ಗೌರವ್ವ ಬಂದಳು, ಓಣಿಯ ಇನ್ನಿಬ್ಬರು ಹೆಂಗಸರು ಬಂದರು. ಮಣೆಯ ಮೇಲೆ ರೂಪಾಲಿ ಕೂತು ಸೆರಗಿನ ಉಡಿ ಹರವಿದಳು. ಸಿದ್ದಕ್ಕ ಅಕ್ಕಿ ಹಾಕಿದಳು, ಖಣ, ಕಾಯಿ, ಅರಿಷಿಣದ ಕೊಂಬು. "ಬಾರೋ, ನಿನ್ನ ಕೆಲಸ." ರಾಮಲಿಂಗ ಸಿವುಡನ್ನು ಎರಡೂ ಕೈಯಲ್ಲಿ ಎತ್ತಿ ಎದೆಗಾನಿಸಿಕೊಂಡ. ಒದ್ದೆ ಎಲೆಯ ತಂಪು ಅಂಗಿಯೊಳಗಿಳಿಯಿತು. ರೂಪಾಲಿಯ ಹರವಿದ ಸೆರಗು ಅವನ ಮುಂದೆ ಒಂದು ಸಣ್ಣ ಹೊಲದ ಹಾಗಿತ್ತು. ಇನ್ನು ಬಾಗಬೇಕು, ಬಿಡಬೇಕು. ಅಷ್ಟು ಮುಗಿದರೆ ಬಸ್ಸು ಬರುತ್ತದೆ, ಹುಳ ಹೊಳೆ ದಾಟುತ್ತದೆ, ಬರುವ ದೀಪಾವಳಿಗೆ ಆ ಅಂಗಳದಲ್ಲಿ ಈ ಹುಡುಗಿ ಕುಕ್ಕರಗಾಲಲ್ಲಿ ಕೂತು ಒಂದೊಂದೇ ಗಡ್ಡೆ ಮುರಿದು ಮೂಸುತ್ತಾಳೆ, ಅತ್ತೆ ನಿಂತು ನೋಡುತ್ತಾಳೆ. ಅವನಿಗೆ ಇದೆಲ್ಲ ಸ್ಪಷ್ಟವಾಗಿ ಕಂಡಿತು, ಬಸ್ಸಿನ ಗಾಜಿನಾಚೆಯ ಗದ್ದೆಗಳ ಹಾಗೆ. ಬಾಗತೊಡಗಿದ.

"ಮಾಮಾ," ಎಂದಳು ರೂಪಾಲಿ, ತಲೆಯೆತ್ತಿ. "ಅಂಗಿ ಮ್ಯಾಲೆ ಇರುವಿ ಹತ್ಯಾವ ನೋಡ್ರಿ."

ನೋಡಿಕೊಂಡ. ಸಿವುಡಿನ ಎಲೆಗಳೊಳಗಿನಿಂದ ಒಂದು ಹೊರಬಂದು ಅಂಗಿಯ ಬಿಳಿಯ ಮೇಲೆ ನಿಂತು, ಮೀಸೆ ಅಲ್ಲಾಡಿಸಿ, ಮೇಲಕ್ಕೆ ನಡೆಯಿತು. ಅದರ ಹಿಂದೆ ಇನ್ನೊಂದು. ನಡು ಕೆಂಪು, ಬೆನ್ನು ನೀಲಿಗಪ್ಪು. ಗೋಣಿತಾಟಿನ ನೂಲುಗಳ ನಡುವಿನಿಂದ, ನೆಲದ ಮೇಲಿದ್ದ ಉಳಿದ ಸಿವುಡುಗಳಿಂದ, ಅಂಗಳದ ಆಚೆಯ ಬೇಲಿಯ ಕಡೆಯಿಂದ ಹಾರಿ ಕೂಡ, ಬರತೊಡಗಿದವು. ಎಲ್ಲವೂ ಒಂದೇ ಕಡೆಗೆ. ಎಡಗಿಸೆಯ ಬಾಯಲ್ಲಿ ಅವು ಒಂದರ ಮೇಲೊಂದು ಹತ್ತಿ, ಜಾರಿ, ಮತ್ತೆ ಹತ್ತುತ್ತಿದ್ದವು, ಕೆಲವು ಒಳಗಿಳಿದವು. ಬಟ್ಟೆಯ ಆಚೆಗೆ, ಎದೆಯ ತೊಗಲಿಗೆ, ಸಣ್ಣ ಸಣ್ಣ ಕಾಲುಗಳ ಹರಿದಾಟ ತಾಗಿತು. ಅದು ತಾಗಿತು. ಎಷ್ಟೋ ತಿಂಗಳಿಂದ ಏನೂ ತಾಗದ ಜಾಗದಲ್ಲಿ ಅದೊಂದು ತಾಗಿ, ಅವನ ಮೈಯೆಲ್ಲ ಜುಮ್ಮೆಂದಿತು. ಬೂಚು ಕೆಲಸ ಮಾಡುತ್ತಿತ್ತು. ಅವನು ಅದರ ಬಗ್ಗೆ ಹೇಳಿದ ಅಷ್ಟೂ ಬಡಾಯಿಯಲ್ಲಿ ಇದೊಂದನ್ನು ಅವನೇ ನಂಬಿರಲಿಲ್ಲ, ಈಗ ಅದೇ ಖರೇ ಆಗಿತ್ತು.

ಗೌರವ್ವ "ಯವ್ವಾ, ಇದು ಅದ ಹುಳ" ಎಂದಳು ಮೆಲ್ಲಗೆ. ಸಿದ್ದಕ್ಕ ಮುಂದೆ ಬಂದಳು. ಒಂದನ್ನು ಹಿಡಿದು ಕಣ್ಣಿನ ಹತ್ತಿರ ಒಯ್ದು ನೋಡಿದಳು. ಹೋದ ವರ್ಷ ಎಷ್ಟೋ ನೋಡಿದವಳು. ಆಮೇಲೆ ತಮ್ಮನ ಕಿಸೆಯೊಳಗೆ ಎರಡು ಬೆರಳು ಹಾಕಿ, ಹುಳಗಳ ನಡುವಿನಿಂದ ಬೂಚನ್ನು ಹೊರತೆಗೆದಳು. ಹುಳಗಳು ಅವಳ ಬೆರಳಿಗೆ ಹತ್ತಿದವು. ಅವಳು ಕೊಡವಲಿಲ್ಲ.

"ಏನಿದು?"

"ಅಕ್ಕಾ, ಇದು ಹೊಸಾ ನಮೂನಿದು. ನಿನ್ನ ಸಲುವಾಗೇ ದಿಲ್ಲಿಯಿಂದ ವಿಮಾನದಾಗ..." ಮಾತು ಅಲ್ಲಿಗೆ ನಿಂತಿತು. ಹುಡುಕಿದ. ಮುಂದೆ ಯಾವ ಕಟ್ಟೆಯ ಮೇಲೂ ಅದು ಕೂತಿರಲಿಲ್ಲ.

"ಇದನ್ನ ನಾ ನೋಡೇ ಇಲ್ಲಲ್ಲೋ," ಎಂದಳು ಸಿದ್ದಕ್ಕ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಲೆಕ್ಕ ತಪ್ಪಿದವರು ಮೊದಲಿಂದ ಕೂಡಿಸಿ ನೋಡುವಾಗಿನ ದನಿ. "ದಿನಾ ಡಬ್ಬಿ ತಗದು ನೀರ ಬದಲಿ ಮಾಡೇನಿ. ಯಾವ ಡಬ್ಯಾಗೂ ಇದು ಇರಲಿಲ್ಲ. ನೀ ಬೂಚು ಬೂಚು ಅಂತಿದ್ಯಲ್ಲ, ಇದ ಏನು?"

ರಾಮಲಿಂಗ ಸಿವುಡನ್ನು ಉಡಿಗೆ ಹಾಕಲಿಲ್ಲ. ಹಿಂದೆ ಸರಿದು, ಮಣೆಯಿಂದ ದೂರ, ತನ್ನ ಕಾಲ ಹತ್ತಿರ ನೆಲಕ್ಕಿಟ್ಟ. ರೂಪಾಲಿಯ ಸೆರಗು ಹರವಿದಂತೆಯೇ ಇತ್ತು. ರಸ್ತೆಯ ತಿರುವಿನಲ್ಲಿ ಬಸ್ಸಿನ ಹಾರ್ನ್ ಕೇಳಿಸಿತು.

"ಇದನ್ನ ಉಡ್ಯಾಗ ಹಾಕಬ್ಯಾಡ್ರಿ. ಸುಟ್ಟು ಬಿಡ್ರಿ ಎಲ್ಲಾ. ಮಡೀನೂ ಸುಡ್ರಿ," ಎಂದ. ದನಿ ಎಷ್ಟು ಸಣ್ಣದಾಗಿ ಬಂತೆಂದರೆ ಗೌರವ್ವ ಏನಂದ ಎಂದು ಬಾಜುವಿನವಳನ್ನು ಕೇಳಿದಳು.

"ಸತ್ತಾವಂತ ಅಂದಿದ್ಯಲ್ಲೋ ಯುಗಾದಿಗೆ?" ಎಂದಳು ಸಿದ್ದಕ್ಕ.

"ಬರೇ ನೀರಿತ್ತಕ್ಕಾ ಡಬ್ಯಾಗ. ಬೂಚು ನಾ ಹಾಕೇ ಇರಲಿಲ್ಲ. ಅಷ್ಟೂ ಒಯ್ದು ಸಾಹುಕಾರ್ರ ಮನ್ಯಾಗ ಕೊಟ್ಟೆ, ಯಾರೂ ಕೇಳಿರಲಿಲ್ಲ, ನಾನ ಕೊಟ್ಟೆ. ಅವರು ಫ್ರಿಜ್ಜಿನ ಕಾಲಿಗೆ ಇಟ್ಟಾರ." ಎದೆಯ ಮೇಲೆ ಹುಳಗಳು ಖಾಲಿ ಕಿಸೆಯ ಸುತ್ತ ಇನ್ನೂ ಹುಡುಕಾಡುತ್ತಿದ್ದವು. ಅವನು ಅವನ್ನು ಒರೆಸಿಕೊಳ್ಳಲಿಲ್ಲ. "ನೀ ಯಾಕ ಬೀಳವಲ್ವು ಅಂದಾಗ ಬಾಯಿಗೆ ಬಂದದ್ದು ಅಂದ್ನಿ. ಸತ್ತದ್ದು ನಾ ನೋಡಿಲ್ಲ. ನಾ ಒಂದ ಹುಳಾನೂ ಹಿಡದಿಲ್ಲಕ್ಕಾ."